ದಾಳಿಂಬದ ಹಳ್ಳದ ಮುರಿ ಮೀನು

ನಮ್ಮಪ್ಪನ ಮ್ಯಾಲಿನ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಸ್ಕೊಳ್ಳು ವಿಚಾರಾನೂ ನನಗಿಲ್ಲ.

ಆಗ ನಾ ಉದಗೀರದ ಕಾಲೇಜಿನಾಗ ಮುರಿ ಮೀನಿನ ಮ್ಯಾಲ ಪಿಎಚ್‌ಡಿ ಮಾಡ್ತಿದ್ದೆ. ಬೆರಳುದ್ದದ ಮೀನು, ಬಾಯಿಗೆ ಮೀಸಿ, ಹಳ್ಳದ ಹರಳುಗಲ್ಲಿನಾಗ ಅಡಗಿ ಕೂಡ್ತದ. ನಿಲಂಗಾದ ಹಳ್ಳದ್ದೂ ದಾಳಿಂಬದ ಹಳ್ಳದ್ದೂ ಮ್ಯಾಲ ನೋಡಿದ್ರ ಒಂದೇ. ಕೊಯ್ದು ನೋಡಿದ್ರ, ಗಾಳಿಚೀಲದ ಸುತ್ತ ಇರೂ ಎಲುಬಿನ ಡಬ್ಬಿ ನಿಲಂಗಾದ್ದು ಹಿಂದ ಮುಚ್ಚಿತ್ತು, ದಾಳಿಂಬದ್ದು ತೆರೆದಿತ್ತು. ಇನ್ನೂ ಯಾರೂ ಹೆಸರಿಡದ ಮೀನು ಇರಬಹುದಂತ ನನಗ ನಿದ್ದಿ ಹತ್ತಲಿಲ್ಲ. "ಎಲುಬು ಅರ್ಧ ಸಾಕ್ಷಿ," ಅಂದ್ರು ನಮ್ಮ ಗೈಡ್. "ಜೀನ್ ಟೆಸ್ಟೂ ಹಂಗೇ ಹೇಳಿದ್ರ ಬ್ಯಾರೆ ಅಂತ ಬರೀರಿ." ಕೊಯ್ದವು ಫಾರ್ಮಲಿನ್‌ನಾಗಿದ್ವು, ಅದರಾಗ ಜೀನ್ ಕೆಟ್ಟು ಹೋಗ್ತದ. ಅದಕ್ಕ ದಾಳಿಂಬಕ್ಕ ಹೋಗಿ ಹೊಸಾವು ಹಿಡಿದು ಸ್ಪಿರಿಟ್‌ನಾಗ ಹಾಕಿದೆ.

ನಮ್ಮದು ಉಮರ್ಗಾದ ಕಿರಾಣಿ ವ್ಯಾಪಾರದ ಮನಿ, ಎಲ್ಲಾರೂ ಲಿಂಗ ಕಟ್ಟಿದವರು. ಮೀನು ಹೊಸ್ತಿಲ ದಾಟೂಹಂಗಿಲ್ಲ. ಕಾಲೇಜಿಗೆ ಸೂಟಿ, ಅದಕ್ಕ ಬಾಟ್ಲಿ ಹಿತ್ತಲದ ಖೋಲ್ಯಾಗ ಇಟ್ಟು ಗೆಳತಿ ಮದವಿಗಂತ ಯೆಣೆಗೂರಕ್ಕ ಹೋದೆ. ವಾರದ ಮ್ಯಾಲ ತಿರುಗಿ ಬಂದ್ರ ಬಾಟ್ಲಿ ತೊಳೆದು ಬೋರಲ ಹಾಕ್ಯಾರ.

"ಸತ್ತವನ್ನ ಬಾಟ್ಲ್ಯಾಗ ಇಡ್ತಾರೇನವ್ವಾ? ಮಣ್ಣ ಮಾಡೀನಿ," ಅಂದ ಅಪ್ಪ. ವಿಭೂತಿ ಹಚ್ಚಿ, ಪತ್ರಿ ಇಟ್ಟು, ಬೇವಿನಗಿಡದ ಬುಡಕ್ಕ. ತೊಂಬತ್ಮೂರರ ಭೂಕಂಪದಾಗ ಅಂವಾ ಲೋಹಾರಾ ಕಡೆ ಹಳ್ಳಿಗೆ ಹೋಗಿ ಕಲ್ಲು ಸರಿಸಿ ಹೆಣ ತಗದು ಮಣ್ಣ ಮಾಡಿದಾಂವ. ಅವತ್ತಿಂದ ಸತ್ತ ಇಲಿ ಕಂಡ್ರೂ ಕುಣಿ ತೋಡ್ತಾನ. ಇರ್ಲಿ, ಆದ್ರ ನನಗೊಂದು ಮಾತು ಕೇಳಬಾರದಾ?

ಕೈಲೇ ಕೆದರಿ ತಗದೆ. ಬ್ಯಾಸಿಗಿ ಝಳಕ್ಕ ಕೊಳೆತು ಎಲುಬಷ್ಟೇ ಉಳಿದಿದ್ವು, ಟೆಸ್ಟಿನಾಗ ಏನೂ ಬರಲಿಲ್ಲ. ಮತ್ತ ದಾಳಿಂಬಕ್ಕ ಓಡಿದೆ. ಅಷ್ಟರಾಗ ಹಳ್ಳ ಆಳ ಮಾಡ್ತೀವಂತ ಜೆಸಿಬಿ ತಂದು, ಹರಳೆಲ್ಲಾ ಟ್ರ್ಯಾಕ್ಟರಿನಾಗ ಒಯ್ದು ಬಿಟ್ಟಿದ್ರು. ಮಳಿಗಾಲ ಪೂರಾ ಬಲಿ ಹಿಡಿದು ತಿರುಗಿದೆ. ಒಂದೂ ಸಿಗಲಿಲ್ಲ. ಕಡೀಗೆ ಥೀಸಿಸಿನಾಗ ದಾಳಿಂಬದ ಮೀನಿಗೂ ನಿಲಂಗಾದ್ದರ ಹೆಸರೇ ಬರೀಬೇಕಾತು. ಕೈ ನನ್ನದೇ, ಬರದದ್ದು ಸುಳ್ಳು.

ಸೀದಾ ಅಂಗಡಿಗೆ ಹೋಗಿ ಅಪ್ಪನ ಮುಂದ ನಿಂತೆ. "ಮಣ್ಣ ಮಾಡಿದ್ದು ಖರೆ. ಯಾರನ್ನ ಮಾಡೀದಿ ಅಂತ ಇನ್ನ ಯಾರಿಗೂ ಹೇಳ್ಲಿಕ್ಕಾಗಂಗಿಲ್ಲ."

ಅಪ್ಪ ತಕ್ಕಡಿ ಕೆಳಗಿಟ್ಟ.

"ಭೂಕಂಪದಾಗೂ ಹಂಗೇ ಆತವ್ವಾ," ಅಂದ. "ತಮ್ಮವರನ್ನ ಕೇಳ್ಕೋತ ಬಂದೋರಿಗೆ ನಾ ಏನ ಹೇಳ್ಲಿ?"