ಅಕ್ಕ ಸಾಕಿದ ಬೆಕ್ಕು

ಹುಲ್ಲಹಳ್ಳಿಯ ನಮ್ಮ ಮನೆಯಲ್ಲಿ ಯಾರೂ ಮೀನು ಮಾಂಸ ಮುಟ್ಟುತ್ತಿರಲಿಲ್ಲ. ಹಾಲು ಅನ್ನ ತಿಂದು ಬೆಕ್ಕು ಸೊರಗಿದ್ದನ್ನು ಕಂಡ ಅಕ್ಕ, ಅದನ್ನು ದಿನವೂ ಕಪಿಲೆಯ ದಡಕ್ಕೆ ಎತ್ತಿಕೊಂಡು ಹೋಗಿ ಬೆಸ್ತರಿಂದ ಹಸಿ ಮೀನು ಹಾಕಿಸುತ್ತಿದ್ದಳು. ಆರು ತಿಂಗಳಲ್ಲಿ ಅದರ ಮೈ ಮಿರಮಿರನೆ ಹೊಳೆಯಿತು. ಕಣಜದ ಸುತ್ತ ಒಂದು ಇಲಿಯೂ ಉಳಿಯಲಿಲ್ಲ. ನರಸೀಪುರದ ಭತ್ತದ ಸಾಹುಕಾರರೊಬ್ಬರು ಅದರ ಮರಿ ಕೇಳಿಕೊಂಡು ಬಂದರು.

“ಏನಾಕಿ ಸಾಕಿದ್ದೀಯ್ಲಾ? ಉಲಿ ಇದ್ದಂಗದೆ!”

ಅವರೂ ನಮ್ಮ ಮಠದ ಒಕ್ಕಲು. ಮೀನು ಎನ್ನಲು ನಾಚಿ, “ಆಲು ಅನ್ನ ಕಣಣ್ಣ, ನಾನೇ ಕಲಸಿ ಆಕ್ತೀನಿ” ಎಂದು ಬೀಗಿದೆ.

ಅವರು ಒಂದು ಮರಿ ಒಯ್ದರು. ಬರೀ ಹಾಲು ಅನ್ನ ತಿಂದು ತಿಂಗಳೊಳಗೆ ಆ ಮರಿ ಎದ್ದು ನಿಲ್ಲಲಾರದಾಯಿತೆಂದು ಸುದ್ದಿ ಬಂತು. ಅಕ್ಕನ ಮುಂದೆ ನನ್ನ ಸುಳ್ಳು ಒಪ್ಪಿಕೊಂಡೆ. ಅವಳು ಬೈಯದೆ ಗಾಡಿ ಕಟ್ಟಿಸಿದಳು.

ಸಾಹುಕಾರರ ಜಗಲಿಯಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದಳು: “ಅದ್ಕೆ ಅಸಿ ಮೀನು ಆಕ್ಸಿ ಕಣಣ್ಣ. ನಾವು ತಿನ್ನಲ್ಲ ಅಂತ ಅದ್ಯಾಕೆ ಸಾಯ್ಬೇಕು?”

“ನಿನ್ ತಮ್ಮ ಆಲು ಅನ್ನ ಅಂದ್ನಲ್ಲವ್ವ?”

“ಅವ್ನು ತಾನು ತಿನ್ನೋದ ಯೋಳವ್ನೆ ಬುಡಿ.”

ಎಲ್ಲರೂ ನಕ್ಕರು. ಮರಿ ಬದುಕಿತು. ಆ ಮಾತು ನಾನೇ ಆಡಬೇಕಿತ್ತೆಂಬ ನೋವು ಇಂದಿಗೂ ಇದೆ. ಆದರೂ ಅಂಥವಳ ತಮ್ಮ ನಾನು ಎನ್ನುವಾಗ ಎದೆ ಉಬ್ಬುತ್ತದೆ.