‘ರಿ’ ಬಿಟ್ಟ ದಿನ

ನಮ್ಮ ಕಲ್ಲಪ್ಪಣ್ಣನವರ ಬಾಯಲ್ಲಿ ‘ರಿ’ ಇಲ್ಲದ ಮಾತನ್ನೇ ನಾನು ಕೇಳಿರಲಿಲ್ಲ. ನಾವಿಬ್ಬರೂ ನೀರಿನ ಫಿಲ್ಟರ್ ಮಾರುತ್ತ ಬೈರಿದೇವರಕೊಪ್ಪದ ಮನೆ ಮನೆ ತಿರುಗುವಾಗ, ಬೊಗಳುತ್ತ ಬಂದ ನಾಯಿಗೂ “ಸಿಟ್ಟಾಗಬ್ಯಾಡ್ರಿ, ಹೊಂಟೇವ್ರಿ” ಅನ್ನುತ್ತಿದ್ದ ಮನುಷ್ಯ.

ಟಾರ್ಗೆಟ್ ಮುಟ್ಟದವರನ್ನು ನಮ್ಮ ಮ್ಯಾನೇಜರ್ ಬೆಳಗಿನ ಮೀಟಿಂಗಿನಲ್ಲಿ ಗೋಡೆಗೆ ಮುಖ ಮಾಡಿ ನಿಲ್ಲಿಸುತ್ತಿದ್ದ. ಐವತ್ತು ದಾಟಿದ ಕಲ್ಲಪ್ಪಣ್ಣನವರೂ “ಆತ್ರಿ ಸಾಹೇಬ್ರ” ಎಂದು ಎಷ್ಟೋ ಸಲ ನಿಂತಿದ್ದರು.

ಒಂದು ಸೋಮವಾರ ಮ್ಯಾನೇಜರ್ ಕೆಲಸದಿಂದ ತೆಗೆದವರ ಪಟ್ಟಿ ಓದಿದ. ನಾಲ್ಕು ಹೆಸರು. ಕಲ್ಲಪ್ಪಣ್ಣನವರದು ಅದರಲ್ಲಿರಲಿಲ್ಲ. ಕೊನೆಯ ಹೆಸರು ನಮ್ಮ ಜೊತೆಗೇ ಫಿಲ್ಟರ್ ಮಾರುತ್ತಿದ್ದ ಸುಮಂಗಲಾಳದು. ಅವಳು ಕೂತಲ್ಲೇ ಅತ್ತುಬಿಟ್ಟಳು.

“ಅಳೋದಿದ್ರೆ ಹೊರಗಡೆ ಹೋಗಿ ಅಳು,” ಎಂದು ಮ್ಯಾನೇಜರ್ ಅವಳ ಕಡೆ ಹೊರಟ.

ಕಲ್ಲಪ್ಪಣ್ಣನವರು ಎದ್ದು ನಿಂತರು. ದನಿ ಏರಿಸಲಿಲ್ಲ.

“ನೀ ಸುಮ್ಮ ಕುಂದ್ರು.”

‘ರಿ’ ಇರಲಿಲ್ಲ! ನಮ್ಮನ್ನೆಲ್ಲ ನಿಲ್ಲಿಸುತ್ತಿದ್ದವನು ಕುರ್ಚಿ ಹುಡುಕಿಕೊಂಡು ಕೂತೇಬಿಟ್ಟ. ಅವನ ಅಷ್ಟು ವರ್ಷದ ಬೈಗುಳವೆಲ್ಲ ಸೇರಿಸಿದರೂ ಆ ಬಿಟ್ಟುಹೋದ ಒಂದಕ್ಷರದ ತೂಕ ಬರುತ್ತಿರಲಿಲ್ಲ.

ಕಲ್ಲಪ್ಪಣ್ಣನವರು ಬ್ಯಾಗು ಹೆಗಲಿಗೆ ಹಾಕಿಕೊಂಡು, ಸುಮಂಗಲಾಳನ್ನು ಕರೆದುಕೊಂಡು ಹೊರಟೇಹೋದರು. ನೌಕರಿ ಅಲ್ಲಿಗೆ ಮುಗಿಯಿತು ಅಂತ ಅವರಿಗೂ ಗೊತ್ತಿತ್ತು. ಬಾಗಿಲಿಗೆ ಅಡ್ಡವಾಗಿ ಬೀದಿನಾಯಿಯೊಂದು ಮಲಗಿತ್ತು.

“ಜರಾ ದಾರಿ ಬಿಡ್ರಿ,” ಎಂದರು.