ಕಂಬಿ ದಾಟಿ ಎಡಕ್ಕೆ

ಶನಿವಾರ ಬೆಳಿಗ್ಗೆ ನನಗೆ ನಿದ್ದೆ ಬೇಕು. ವಾರವಿಡೀ ನಮ್ಮ ಮನೆಯಿರುವ ಎವರ್‌ಗ್ರೀನ್‌ನಿಂದ ಸ್ಯಾನ್ ಮಟಿಯೋವರೆಗೆ ಫ್ರೀವೇಯಲ್ಲಿ ಕೂತು, ಅಲ್ಲಿನ ಲ್ಯಾಬಿನಲ್ಲಿ ಊರವರ ರಕ್ತ ಪರೀಕ್ಷೆ ಮಾಡಿ, ಮತ್ತೆ ಅದೇ ಫ್ರೀವೇಯಲ್ಲಿ ಕೂತು ಬರುವ ಅರವತ್ತು ದಾಟಿದ ಹೆಂಗಸಿಗೆ ಇದೇನೂ ದೊಡ್ಡ ಆಸೆಯಲ್ಲ. ಆದರೆ ಶನಿವಾರ ಬಂತೆಂದರೆ ನಾನು ಹೆಲ್ಮೆಟ್ಟು ಕಟ್ಟಿಕೊಂಡು, ಬ್ಯಾಟರಿ ಸೈಕಲ್ಲಿನ ಮೇಲೆ, ನನ್ನ ಗಂಡನ ಬೆನ್ನು ನೋಡುತ್ತಾ ಬೆಟ್ಟ ಹತ್ತುತ್ತಿರುತ್ತೇನೆ. ಮಂಡಿ ನೋಯುತ್ತದೆ. ಸೊಂಟ ನೋಯುತ್ತದೆ. ಹೇಳಿಕೊಳ್ಳಲು ನಾಚಿಕೆಯಾಗುವ ಜಾಗಗಳೂ ನೋಯುತ್ತವೆ.

ಅವರಿಗೆ ಈ ಹುಚ್ಚು ಹತ್ತಿದ್ದು ಇಂಗ್ಲೆಂಡಿನಲ್ಲಿ. ಮದುವೆಯಾದ ಹೊಸದರಲ್ಲಿ ನಾವು ಕೆಲವು ವರ್ಷ ಶೆಫೀಲ್ಡಿನಲ್ಲಿದ್ದೆವು. ಭಾನುವಾರ ಬಂದರೆ ಸೈಕಲ್ಲು ಹತ್ತಿ ಪಕ್ಕದ ಡರ್ಬಿಶೈರ್ ಗುಡ್ಡಗಳಿಗೆ ಹೋಗುತ್ತಿದ್ದೆವು. ಅಲ್ಲಿನ ರಸ್ತೆಗಳು ಎಷ್ಟು ಕಿರಿದೆಂದರೆ, ಎದುರಿಗೆ ಕಾರು ಬಂದರೆ ನಾವು ಗೋಡೆಗೆ ಒರಗಿ ನಿಲ್ಲಬೇಕು. ಎರಡೂ ಕಡೆ ಗಾರೆಯಿಲ್ಲದೆ ಪೇರಿಸಿದ ಕಲ್ಲಿನ ಗೋಡೆ, ಅದರಾಚೆ ಕುರಿಗಳು. ಕುರಿ ಬಿಟ್ಟರೆ ಮಾತಾಡಿಸುವವರು ಯಾರೂ ಇಲ್ಲ.

ಅವರಿಗೆ ಬಹಳ ಇಷ್ಟವಾದ ದಾರಿಯೊಂದಿತ್ತು. ಹೊಳೆಯ ಸೇತುವೆ ದಾಟಿ, ಚರ್ಚು ಬಳಸಿ ಹೋದರೆ ಉದ್ದನೆಯ ಏರು. ಏರಿನ ನಡುವೆ, ದನಗಳು ದಾಟಬಾರದೆಂದು ರಸ್ತೆಗೆ ಅಡ್ಡಲಾಗಿ ಕಬ್ಬಿಣದ ಕಂಬಿಗಳನ್ನು ಹಾಸಿದ್ದರು. ಅದರ ಮೇಲೆ ಸೈಕಲ್ಲು ಹೋದರೆ ಹಲ್ಲೆಲ್ಲ ಕಟಕಟ ಎನ್ನುತ್ತಿತ್ತು. ಕಂಬಿ ದಾಟಿ ಎಡಕ್ಕೆ ತಿರುಗಿ ಕೊನೆಯ ಕಡಿದಾದ ಏರು ಹತ್ತಿದರೆ ಒಂದು ಪುಟ್ಟ ಊರು, ಊರಿನಲ್ಲಿ ಒಬ್ಬ ಅಜ್ಜಿಯ ಟೀ ಅಂಗಡಿ. ನಾನು ಅರ್ಧ ಏರಿಗೇ ಇಳಿದು ಸೈಕಲ್ಲು ತಳ್ಳಿಕೊಂಡು ಹೋಗುವವಳು. ಅವರು ಮುಂದೆ ಹೋಗಿ ಎರಡು ಟೀ ಹೇಳಿ ಕಾಯುತ್ತಿದ್ದರು. ನಾನು ಏದುಸಿರು ಬಿಡುತ್ತಾ ತಲುಪುವ ಹೊತ್ತಿಗೆ ನನ್ನ ಟೀ ಆರಿಹೋಗಿರುತ್ತಿತ್ತು. ಈ ವಿಷಯಕ್ಕೆ ನಾವು ಪ್ರತಿ ಭಾನುವಾರ ಜಗಳವಾಡಿದ್ದೇವೆ.

ಆಮೇಲೆ ಈ ದೇಶ, ಈ ಮನೆ, ಮಗಳು. ನಾನು ಸೈಕಲ್ಲು ಬಿಟ್ಟೆ, ಅವರು ಬಿಡಲಿಲ್ಲ. ನಮ್ಮ ಮನೆಯ ಹಿಂದಿನ ಬೆಟ್ಟಗಳ ನಡುವೆ ಹೋಗುವ ಸ್ಯಾನ್ ಫೆಲಿಪೆ ರಸ್ತೆಯನ್ನು ಮೊದಲ ಸಲ ಸುತ್ತಿ ಬಂದ ದಿನ, ಶೂ ಕೂಡ ಬಿಚ್ಚದೆ ಅಡಿಗೆಮನೆಗೆ ಬಂದು, "ಥೇಟ್ ಡರ್ಬಿಶೈರ್ ಕಣೇ, ದನದ ಕಂಬೀನೂ ಇದೆ" ಎಂದಿದ್ದರು. ಒಣಹುಲ್ಲು, ಓಕ್ ಮರ, ಅಲ್ಲೊಂದು ಇಲ್ಲೊಂದು ದನ ಸಾಕುವ ರಾಂಚು. ಅದ್ಯಾವ ಸೀಮೆ ಡರ್ಬಿಶೈರೋ ನನಗಂತೂ ಕಾಣಲಿಲ್ಲ.

ಅವರು ಹೊರಡುವಾಗ ಎಲ್ಲಿಗೆ ಎಂದು ನಾನು ಯಾವತ್ತೂ ಕೇಳಿದವಳಲ್ಲ. ಮೈಸೂರಿನ ನಮ್ಮತ್ತೆ ಕೊನೆಗಾಲದಲ್ಲಿ ನಮ್ಮ ಜೊತೆಗೇ ಇದ್ದರು. ಹೊಸ್ತಿಲು ದಾಟುತ್ತಿರುವವರನ್ನು ಎಲ್ಲಿಗೆ ಎಂದು ಕೇಳಿದರೆ ಹೋದ ಕೆಲಸ ಕೆಡುತ್ತದೆ ಎನ್ನುವುದು ಅವರ ಶಾಸನ. ಕೇಳಲೇಬೇಕಾದರೆ "ದೂರ ಹೊರಟ್ರಾ?" ಎನ್ನಬೇಕು. ಒಮ್ಮೆ ನಾನು ಬಾಯಿ ತಪ್ಪಿ ಕೇಳಿಬಿಟ್ಟಿದ್ದಕ್ಕೆ, ಡ್ರೈವ್‌ವೇವರೆಗೆ ಹೋಗಿದ್ದ ಮಗನನ್ನು ವಾಪಸ್ಸು ಕರೆದು, ಸೋಫಾದ ಮೇಲೆ ಕೂರಿಸಿ, ನೀರು ಕುಡಿಸಿ, ಹೊಸದಾಗಿ ಹೊರಡಿಸಿದ್ದರು. ಅತ್ತೆ ಹೋದರು, ಶಾಸನ ಉಳಿಯಿತು. ಪ್ರತಿ ಶನಿವಾರ ನಾನು "ದೂರ ಹೊರಟ್ರಾ?" ಎನ್ನುವುದು, ಅವರು "ಇಲ್ಲೇ, ಬಂದ್ಬಿಡ್ತೀನಿ" ಎನ್ನುವುದು. ದಿನವೆಲ್ಲ ಮೆಷೀನುಗಳ ಮುಂದೆ ಕೂತು ವಿಜ್ಞಾನ ಮಾಡುವವಳು ಇದನ್ನೂ ಮಾಡುತ್ತಾಳೆ. ನಗುವವರು ನಗಲಿ.

ಗಂಡನ ಮರೆವು ಶುರುವಾಗಿದ್ದು ಕಾಫಿಯಿಂದ. ಒಂದು ಬೆಳಿಗ್ಗೆ ಫಿಲ್ಟರಿಗೆ ಪುಡಿಯನ್ನೇ ಹಾಕದೆ ಬಿಸಿನೀರು ಸುರಿದು, ಡಿಕಾಕ್ಷನ್ ಇಳಿಯಲೆಂದು ಕಾಯುತ್ತಾ ಕೂತಿದ್ದರು. ಆಮೇಲಾಮೇಲೆ ಡಾಕ್ಟರು ಅದಕ್ಕೊಂದು ಹೆಸರಿಟ್ಟರು. ಆಫೀಸು ನಿಂತಿತು, ಕಾರಿನ ಕೀ ಬಚ್ಚಿಟ್ಟಿದ್ದಾಯಿತು, ಬ್ಯಾಂಕಿನ ಕೆಲಸ ನನ್ನ ತಲೆಗೆ ಬಂತು. ಸೈಕಲ್ಲು ಮಾತ್ರ ಉಳಿದಿತ್ತು. ಅದರ ಮೇಲೆ ಕೂತರೆ ಅವರು ಹಿಂದಿನ ಮನುಷ್ಯರೇ. ಗೇರು, ಬ್ರೇಕು, ತಿರುವು, ಯಾವುದಕ್ಕೂ ಯೋಚಿಸಬೇಕಿರಲಿಲ್ಲ. ಅದನ್ನೂ ಕಿತ್ತುಕೊಂಡರೆ ಏನು ಉಳಿಯುತ್ತದೆ ಎಂಬ ಭಯಕ್ಕೆ ನಾನು ಸುಮ್ಮನಿದ್ದೆ.

ಒಂದು ಶನಿವಾರ ಅವರು ಊಟದ ಹೊತ್ತಿಗೆ ಬರಲಿಲ್ಲ. ಸಾರು ಎರಡು ಸಲ ಬಿಸಿ ಮಾಡಿದೆ. ಫೋನು ಮಾಡಿದರೆ ಅಡಿಗೆಮನೆಯಲ್ಲೇ ರಿಂಗಾಯಿತು. ಚಾರ್ಜಿಗೆ ಹಾಕಿದ್ದನ್ನು ಬಿಟ್ಟೇ ಹೋಗಿದ್ದರು. ಸನ್ನಿವೇಲ್‌ನಲ್ಲಿರುವ ಮಗಳಿಗೆ ಫೋನು ಮಾಡಿದೆ.

"ಯಾವ ರೂಟು ಹೋಗಿದಾರೆ ಅಮ್ಮಾ?"

"ಗೊತ್ತಿಲ್ಲ."

"ಯೂ ಡಿಡಂಟ್ ಆಸ್ಕ್? ಅಪ್ಪನ ಈ ಕಂಡೀಶನ್ನಲ್ಲಿ?"

"ಹೊರಟವರನ್ನ ಕೇಳಬಾರದು" ಎಂದೆ. ಅವಳು ಪೊಲೀಸರಿಗೆ ಹೇಳ್ತೀನಿ, ನೀನು ಮನೆಯಲ್ಲೇ ಇರು ಎಂದು ಇಂಗ್ಲಿಷಿನಲ್ಲಿ ಗದರಿ ಇಟ್ಟಳು. ಮನೆಯಲ್ಲಿ ಕೂರಲು ನನಗೇನು ಕಲ್ಲಿನ ಎದೆಯೇ? ಕಾರು ತೆಗೆದೆ.

ಸ್ಯಾನ್ ಫೆಲಿಪೆ ರಸ್ತೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಪ್ರತಿ ತಿರುವಿನಲ್ಲೂ ಇಳಿಜಾರಿನ ಕಡೆ ಬಗ್ಗಿ ನೋಡುತ್ತಾ, ಇಲ್ಲದ ದೇವರನ್ನೆಲ್ಲ ನೆನೆಯುತ್ತಾ ಹೋದೆ. ಆಗ ಕಾರಿನ ಚಕ್ರದ ಕೆಳಗೆ ದಡದಡ ಸದ್ದಾಯಿತು. ದನದ ಕಂಬಿ. ಯಾರೋ ಹೇಳಿಕೊಟ್ಟ ಹಾಗೆ ನನ್ನ ಬಾಯಿಗೆ ಬಂದುಬಿಟ್ಟಿತು, ಕಂಬಿ ದಾಟಿ ಎಡಕ್ಕೆ. ಎಡಕ್ಕೆ ನಿಜಕ್ಕೂ ಒಂದು ಕಿರಿದಾದ ದಾರಿ ಇತ್ತು. ಅವರು ಮನೆಗೆ ಬರಬೇಕೆಂದರೆ ನೇರ ಹೋಗಬೇಕು. ನಾನು ಎಡಕ್ಕೆ ತಿರುಗಿಸಿದೆ.

ಏರಿನ ಕೊನೆಯಲ್ಲಿ ದಾರಿ ಮುಗಿದು ರಾಂಚಿನ ಗೇಟು ಬಂತು. ಗೇಟಿನ ಮುಂದೆ, ಬಿಸಿಲಿನಲ್ಲಿ, ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ತುಟಿ ಒಣಗಿ ಬಿರಿದಿತ್ತು. ನನ್ನನ್ನು ನೋಡಿ ಒಂದಿಷ್ಟೂ ಆಶ್ಚರ್ಯಪಡಲಿಲ್ಲ.

"ಇನ್ನೂ ತೆಗೆದಿಲ್ಲ ನೋಡು" ಎಂದರು. "ಭಾನುವಾರ ಲೇಟಾಗಿ ತೆಗೀತಾಳೆ ಅಜ್ಜಿ."

ನನಗೆ ಮೊದಲು ಬಂದದ್ದು ಸಿಟ್ಟು. ಕೆನ್ನೆಗೆ ಬಾರಿಸಬೇಕೆನ್ನಿಸಿತು, ಸುಳ್ಳೇಕೆ ಹೇಳಲಿ. ಆಮೇಲೆ ಅಳು ಬಂತು. ಎರಡನ್ನೂ ನುಂಗಿಕೊಂಡು, "ಇವತ್ತು ರಜ ಅಂತೆ ರೀ, ನಡೀರಿ" ಎಂದು ಸೈಕಲ್ಲನ್ನು ಡಿಕ್ಕಿಗೆ ತುರುಕಿದೆ.

ಇನ್ನು ಸೈಕಲ್ಲು ಬೇಡವೇ ಬೇಡ ಎಂದಳು ಮಗಳು. ಅವಳೇ ಗ್ಯಾರೇಜಿನ ಗೋಡೆಗೆ ಅದನ್ನು ಸರಪಳಿ ಹಾಕಿ ಬೀಗ ಜಡಿದು ಹೋದಳು. ಅವರು ಅಲ್ಲೇ ಒಂದು ಕುರ್ಚಿ ಹಾಕಿಕೊಂಡು ದಿನವಿಡೀ ಕೂರತೊಡಗಿದರು. "ಅದನ್ಯಾಕೆ ಕಟ್ಟಿಹಾಕಿದೀರಿ? ಏನು ಮಾಡ್ತು ಅದು?" ಎಂದು ಕೇಳುತ್ತಿದ್ದರು. ಊಟ ಅರ್ಧಕ್ಕರ್ಧ ಇಳಿಯಿತು. ನನ್ನಿಂದ ನೋಡಲಾಗಲಿಲ್ಲ. ಡಾಕ್ಟರನ್ನು ಕೇಳಿದರೆ, ಒಬ್ಬರನ್ನೇ ಹೊರಗೆ ಬಿಡಬೇಡಿ ಎಂದರೇ ಹೊರತು ಸೈಕಲ್ಲು ಬೇಡವೆನ್ನಲಿಲ್ಲ. ಇಬ್ಬರೇ ಇರುವ ಮನೆಯಲ್ಲಿ ಜೊತೆಗೆ ಹೋಗಲು ಇನ್ಯಾರಿದ್ದಾರೆ? ಬ್ಯಾಟರಿ ಸೈಕಲ್ಲು ಮನೆಗೆ ಬಂದದ್ದು ಹೀಗೆ. ಮಗಳು ಅಪ್ಪನ ಸೀಟಿನ ಕೆಳಗೆ ಎಲ್ಲಿದ್ದಾರೆಂದು ತೋರಿಸುವ ಬಿಲ್ಲೆಯೊಂದನ್ನು ಅಂಟಿಸಿ, ಷರತ್ತು ಹಾಕಿದಳು. "ಇನ್ನೊಂದ್ಸಲ ಹೀಗಾದ್ರೆ ದಟ್ಸ್ ಇಟ್ ಅಮ್ಮಾ, ಸೈಕಲ್ಲು ಯಾರಿಗಾದ್ರೂ ಕೊಟ್ಬಿಡ್ತೀನಿ."

ಈಗ ಬಾಗಿಲಲ್ಲಿ ನಿಂತು ಕೇಳುವವರೂ ಇಲ್ಲ, ಹೇಳುವವರೂ ಇಲ್ಲ. ಇಬ್ಬರೂ ಒಟ್ಟಿಗೇ ಹೊರಡುತ್ತೇವೆ. ಕಂಬಿ ದಾಟಿದ ಕೂಡಲೆ ನಾನು ಹಿಂದಿನಿಂದ "ನೇರ ರೀ, ನೇರ" ಎಂದು ಕೂಗುತ್ತೇನೆ. ಅವರು ಒಂದು ಗಳಿಗೆ ಎಡಕ್ಕೆ ನೋಡಿ, ಮನಸ್ಸಿಲ್ಲದೆ ನೇರ ಹೋಗುತ್ತಾರೆ. ಅಷ್ಟರಲ್ಲಿ ವಾರದ ಆಯಾಸವೆಲ್ಲ ನನ್ನ ಮಂಡಿಗೆ ಇಳಿದಿರುತ್ತದೆ.

ಹೋದ ಶನಿವಾರ ಅವರು ಕಂಬಿ ದಾಟಿ ನಿಂತೇಬಿಟ್ಟರು. ಒಂದು ಕಾಲು ನೆಲಕ್ಕೂರಿ ತಿರುಗಿ, ಬಹಳ ಮೆತ್ತಗೆ ಕೇಳಿದರು.

"ನಾನು ಎಲ್ಲಿಗೆ ಹೊರಟಿದ್ದು?"

ಕೇಳಬಾರದ ಮಾತನ್ನು ಅವರೇ ಕೇಳಿಕೊಂಡಿದ್ದರು. ಮಗಳ ಷರತ್ತು ನೆನಪಾಯಿತು. ಅತ್ತೆ ಅಂದು ಮಾಡಿದ್ದನ್ನೇ ಮಾಡಿದೆ. ಸೈಕಲ್ಲಿನಿಂದ ಇಳಿಸಿ, ಓಕ್ ಮರದ ಕೆಳಗಿನ ಬಂಡೆಯ ಮೇಲೆ ಕೂರಿಸಿ, ನನ್ನ ಬಾಟಲಿಯ ನೀರು ಕುಡಿಸಿದೆ. ಅವರು ಸಣ್ಣ ಮಗುವಿನ ಹಾಗೆ ಕುಡಿದು, ಬಾಯಿ ಒರೆಸಿಕೊಂಡು ಎದ್ದು ಹೆಲ್ಮೆಟ್ಟು ಸರಿಮಾಡಿಕೊಂಡರು. ಇನ್ನು ಹೊಸದಾಗಿ ಹೊರಡಬೇಕು.

"ದೂರ ಹೊರಟ್ರಾ?" ಎಂದೆ.

ಅವರು ದಾರಿಯಲ್ಲಿ ಸಿಕ್ಕ ಅಪರಿಚಿತರಿಗೆ ನಗುವ ಹಾಗೆ ನನಗೆ ನಕ್ಕರು.

"ಇಲ್ಲೇ, ಮೇಲೆ ಟೀ ಅಂಗಡಿಗೆ. ನನ್ನ ಹೆಂಡತಿ ಹಿಂದೆ ಸೈಕಲ್ ತಳ್ಕೊಂಡು ಬರ್ತಿದಾಳೆ. ಪ್ರತಿ ಸಲ ಅವಳ ಟೀ ಆರಿಹೋಗತ್ತೆ, ಪಾಪ. ಇವತ್ತು ಅವಳು ಬಂದ್ಮೇಲೇ ಹೋಗ್ತೀನಿ."

ಹಾಗೆಂದು ಮತ್ತೆ ಬಂಡೆಯ ಮೇಲೆ ಕೂತು, ನಾವು ಹತ್ತಿ ಬಂದ ರಸ್ತೆಯ ಕಡೆ ನೋಡತೊಡಗಿದರು. ನಾನೂ ಪಕ್ಕದಲ್ಲಿ ಕೂತೆ. ಇಬ್ಬರೂ ನನಗಾಗಿ ಕಾದೆವು.